ನಮ್ಮ ರೈಲು ಜಾಲವನ್ನು ಗ್ರಾಫ್ ಆಗಿ ಬರೆಯೋಣ: ಡೇಟಾ ಒಂದೇ, ಸಾಫ್ಟ್‌ವೇರ್ ಹಲವು

ನಮ್ಮ ಟೀಮಿಗೆ ಹೊಸದಾಗಿ ಸೇರಿದವರು ನನ್ನ ಬಳಿ ಬಂದು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ: "ಮೇಡಂ, ಗ್ರಾಫ್ ಬಿಡಿಸೋಕೆ ಯಾವ ಸಾಫ್ಟ್‌ವೇರ್ ಕಲೀಬೇಕು?" ಗೆಫಿ, ಗ್ರಾಫ್‌ವಿಜ್, ನೆಟ್‌ವರ್ಕ್‌ಎಕ್ಸ್, ನಿಯೋ4ಜೆ, ಡಿ3 ಎಂದು ಹೆಸರುಗಳನ್ನೂ ಅವರೇ ಹೇಳುತ್ತಾರೆ. ನನ್ನ ಉತ್ತರ ಯಾವಾಗಲೂ ಒಂದೇ. ಸಾಫ್ಟ್‌ವೇರ್ ಕೊನೆಗೆ ನೋಡೋಣ, ಮೊದಲು ಎರಡು ಪಟ್ಟಿ ಬರೆಯಿರಿ. ಆ ಎರಡು ಪಟ್ಟಿ ಸರಿಯಾಗಿದ್ದರೆ ಮೇಲಿನ ಯಾವ ಸಾಫ್ಟ್‌ವೇರಿಗಾದರೂ ಹೋಗಬಹುದು. ಸರಿ ಇಲ್ಲದಿದ್ದರೆ ಎಷ್ಟು ಚೆಂದದ ಚಿತ್ರ ಬಂದರೂ ಅದು ಸುಳ್ಳು ಹೇಳುತ್ತದೆ.

ಸರಕು ಸಾಗಣೆಯ ದಾರಿಗಳನ್ನು ಲೆಕ್ಕ ಹಾಕುವುದು ನನ್ನ ಕೆಲಸ. ನಾನು ಹುಟ್ಟಿ ಬೆಳೆದದ್ದು ಬೀರೂರಿನಲ್ಲಿ, ಹಾಗಾಗಿ ಉದಾಹರಣೆ ಕೊಡುವಾಗಲೆಲ್ಲ ಬಾಯಿಗೆ ಬರುವುದು ರೈಲು ಜಂಕ್ಷನ್ನುಗಳೇ. ಇಲ್ಲೂ ಅದನ್ನೇ ಇಟ್ಟುಕೊಳ್ಳುತ್ತೇನೆ. ನಿಮ್ಮ ಡೇಟಾ ಸಂಬಂಧಿಕರದ್ದಿರಲಿ, ಕಂಪ್ಯೂಟರ್ ಸರ್ವರ್‌ಗಳದ್ದಿರಲಿ, ಪ್ರೋಟೀನ್‌ಗಳದ್ದಿರಲಿ, ಕ್ರಮ ಇದೇ.

ಮೊದಲು ಪ್ರಶ್ನೆ, ಆಮೇಲೆ ಎಡ್ಜ್

ಗ್ರಾಫ್‌ನಲ್ಲಿ ಇರುವುದು ಎರಡೇ. ಚುಕ್ಕೆಗಳು, ಅಂದರೆ ನೋಡ್. ಅವನ್ನು ಜೋಡಿಸುವ ಗೆರೆಗಳು, ಅಂದರೆ ಎಡ್ಜ್. 1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗ್‌ನ ಏಳು ಸೇತುವೆಗಳ ಲೆಕ್ಕ ಬಿಡಿಸಿದಾಗ ಸೇತುವೆಯ ಉದ್ದ, ನದಿಯ ಅಗಲ ಎಲ್ಲವನ್ನೂ ಬದಿಗಿಟ್ಟು, ಯಾವ ನೆಲ ಯಾವ ನೆಲಕ್ಕೆ ಸೇರಿದೆ ಅನ್ನುವುದನ್ನು ಮಾತ್ರ ನೋಡಿದರು. ಏನನ್ನು ಬಿಡಬೇಕು ಅನ್ನುವ ಆ ತೀರ್ಮಾನವೇ ಇವತ್ತಿಗೂ ಈ ಕೆಲಸದ ಅರ್ಧ ಭಾಗ.

ರೈಲಿನಲ್ಲಿ ಎಡ್ಜ್ ಅಂದರೆ ಏನು? ಹಳಿಯೋ, ಓಡುವ ರೈಲೋ? ಎರಡೂ ಬೇರೆ ಬೇರೆ ಗ್ರಾಫ್. "ಈ ಜಂಕ್ಷನ್ ಬಂದ್ ಆದರೆ ಸರಕು ಯಾವ ದಾರಿಯಲ್ಲಿ ಹೋಗಬೇಕು" ಎನ್ನುವುದು ನಿಮ್ಮ ಪ್ರಶ್ನೆಯಾದರೆ ಹಳಿಯೇ ಎಡ್ಜ್. "ರೈಲು ಬದಲಿಸದೆ ಎಲ್ಲಿಂದ ಎಲ್ಲಿಗೆ ಹೋಗಬಹುದು" ಎನ್ನುವುದಾದರೆ, ಒಂದು ರೈಲು ನಿಲ್ಲುವ ಎಲ್ಲ ನಿಲ್ದಾಣಗಳನ್ನೂ ಒಂದಕ್ಕೊಂದು ಜೋಡಿಸಬೇಕು. ಮೊದಲನೆಯದರಲ್ಲಿ ಮೈಸೂರಿಗೂ ತಾಳಗುಪ್ಪಕ್ಕೂ ನಡುವೆ ಹಲವು ಜಂಕ್ಷನ್‌ಗಳಿವೆ. ಎರಡನೆಯದರಲ್ಲಿ ನೇರ ರೈಲು ಇರುವುದರಿಂದ ಅವು ಅಕ್ಕಪಕ್ಕದ ಮನೆಗಳು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಬರುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ನಾನು ಹಳಿಯನ್ನೇ ಆರಿಸಿಕೊಂಡೆ. ಒಟ್ಟು 20 ನೋಡ್: ಬೆಂಗಳೂರು, ಮೈಸೂರು, ಹಾಸನ, ಅರಸೀಕೆರೆ, ಕಡೂರು, ಚಿಕ್ಕಮಗಳೂರು, ಬೀರೂರು, ಶಿವಮೊಗ್ಗ, ತಾಳಗುಪ್ಪ, ಚಿಕ್ಕಜಾಜೂರು, ಅಮರಾವತಿ ಕಾಲೊನಿ, ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿ, ವಿಜಯಪುರ, ಲೋಂಡಾ, ಬೆಳಗಾವಿ, ಮಡಗಾಂವ್, ಮಂಗಳೂರು. ಇವುಗಳ ನಡುವೆ 24 ಎಡ್ಜ್. ತುಮಕೂರು, ದಾವಣಗೆರೆ, ಧಾರವಾಡದಂಥ ದೊಡ್ಡ ಊರುಗಳನ್ನೂ ಬಿಟ್ಟಿದ್ದೇನೆ. ನನ್ನ ಪ್ರಶ್ನೆ ಕವಲುಗಳದ್ದು, ಜನಸಂಖ್ಯೆಯದ್ದಲ್ಲ. ದಾವಣಗೆರೆಯ ಪಕ್ಕದ ಪುಟ್ಟ ಅಮರಾವತಿ ಕಾಲೊನಿ ಪಟ್ಟಿಯಲ್ಲಿರುವುದಕ್ಕೆ ಕಾರಣವೂ ಅದೇ. ಕೊಟ್ಟೂರಿನ ಮೂಲಕ ಹೊಸಪೇಟೆಗೆ ಹೋಗುವ ಹಳಿ ಕವಲೊಡೆಯುವುದು ಅಲ್ಲೇ.

ಎರಡು ಪಟ್ಟಿ

ಯಾವುದಾದರೂ ಸ್ಪ್ರೆಡ್‌ಶೀಟ್ ತೆಗೆಯಿರಿ. ಮೊದಲ ಹಾಳೆಯಲ್ಲಿ ನೋಡ್‌ಗಳು: ಕೋಡ್, ಹೆಸರು, ಅಕ್ಷಾಂಶ, ರೇಖಾಂಶ. ಎರಡನೆಯದರಲ್ಲಿ ಎಡ್ಜ್‌ಗಳು: ಎಲ್ಲಿಂದ, ಎಲ್ಲಿಗೆ, ಕಿಲೋಮೀಟರ್, ತೆರೆದ ವರ್ಷ. ಅರಸೀಕೆರೆ–ಹಾಸನದ ಸಾಲಿನ ಮೊದಲ ಮೂರು ಕಾಲಂ ಹೀಗಿರುತ್ತವೆ:

ಎಎಸ್‌ಕೆ, ಎಚ್‌ಎಎಸ್, 47

ಊರಿನ ಹೆಸರನ್ನು ಎಡ್ಜ್ ಪಟ್ಟಿಯಲ್ಲಿ ಬರೆಯಲೇಬೇಡಿ. ಅಲ್ಲಿ ಕೋಡ್ ಮಾತ್ರ ಇರಲಿ. ರೈಲ್ವೆಯವರು ಈ ಕೆಲಸವನ್ನು ನಮಗಾಗಿ ಆಗಲೇ ಮಾಡಿಟ್ಟಿದ್ದಾರೆ. ಬೀರೂರಿಗೆ ಆರ್‌ಆರ್‌ಬಿ, ಕಡೂರಿಗೆ ಡಿಆರ್‌ಯು, ಚಿಕ್ಕಜಾಜೂರಿಗೆ ಜೆಆರ್‌ಯು. ಊರಿನ ಹೆಸರು ಬದಲಾಗುತ್ತದೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಆಯಿತು, 'ಹುಬ್ಳಿ' ಹೋಗಿ 'ಹುಬ್ಬಳ್ಳಿ' ಆಯಿತು. ಆಮೇಲೆ ಬೆಂಗಳೂರು ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು, ಹುಬ್ಬಳ್ಳಿ ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರು ಬಂತು. ಕೋಡ್ ಮಾತ್ರ ಎಸ್‌ಬಿಸಿ, ಯುಬಿಎಲ್ ಎಂದೇ ಉಳಿಯಿತು. ಹೆಸರನ್ನೇ ಗುರುತಾಗಿ ಬಳಸಿದ್ದರೆ ಹಳೆಯ ಫೈಲ್ ಒಂದು, ಹೊಸ ಫೈಲ್ ಒಂದು ಸೇರಿಸಿದ ಕೂಡಲೇ ಎರಡು ಹುಬ್ಬಳ್ಳಿ ಹುಟ್ಟಿಕೊಳ್ಳುತ್ತಿದ್ದವು.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇನ್ನೊಂದು ತೊಂದರೆ ಇದೆ, ಇದು ಕಣ್ಣಿಗೆ ಕಾಣುವುದೇ ಇಲ್ಲ. 'ಲೋಂಡಾ' ಪದದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಅಕ್ಷರವಾಗಿಯೂ ಇಡಬಹುದು, ಬಿಡಿ ಚಿಹ್ನೆಗಳನ್ನು ಒಂದರ ಹಿಂದೆ ಒಂದು ಸೇರಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರು. ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಯೂ ಹಾಗೇ, 'ಕ್ಯಾಸಲ್‌ರಾಕ್' ಎನ್ನುವಂಥ ಪದಗಳಲ್ಲಿ ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಪೈಥಾನ್‌ನ ಯೂನಿಕೋಡ್‌ಡೇಟಾ ಲೈಬ್ರರಿಯಲ್ಲಿ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಅದಕ್ಕೆ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಕೂಡಿಸಿದ ರೂಪ) ಎಂದು ಹೇಳಿ ಎಲ್ಲ ಹೆಸರುಗಳನ್ನೂ ಅದರ ಮೂಲಕ ಒಮ್ಮೆ ಹಾಯಿಸಿ. ಶೂನ್ಯ ಅಗಲದ ಚಿಹ್ನೆಯನ್ನು ಮಾತ್ರ ಅದು ಮುಟ್ಟುವುದಿಲ್ಲ. ಹೋಲಿಕೆ ಮಾಡುವ ಮುಂಚೆ ಅದನ್ನು ನೀವೇ ತೆಗೆಯಬೇಕು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಟ್ಟಿ ಸಿಕ್ಕರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಉಳಿದದ್ದು.

ಎಕ್ಸೆಲ್‌ನಿಂದ ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲ್, ಉಳಿಸುವಾಗ 'ಸಿಎಸ್‌ವಿ ಯುಟಿಎಫ್-8' ಎಂಬ ಆಯ್ಕೆಯನ್ನೇ ಒತ್ತಿ. ಸುಮ್ನೆ ಸಿಎಸ್‌ವಿ ಅಂತ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಮತ್ತೆ ವಾಪಸ್ ಬರುವುದಿಲ್ಲ.

ಅಕ್ಷಾಂಶ ರೇಖಾಂಶದಲ್ಲಿ ಎಕ್ಸ್ ಅಂದರೆ ರೇಖಾಂಶ, ವೈ ಅಂದರೆ ಅಕ್ಷಾಂಶ. ಬೆಂಗಳೂರು ನಿಲ್ದಾಣ ಇರುವುದು ಸುಮಾರು 12.98 ಉತ್ತರ, 77.57 ಪೂರ್ವದಲ್ಲಿ. ಎರಡನ್ನೂ ಅದಲುಬದಲು ಮಾಡಿದರೆ ಬೆಂಗಳೂರು ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಭೂಪಟದ ಡೇಟಾ ಇಡುವ ಜಿಯೋಜೇಸನ್ ಫೈಲ್‌ನಲ್ಲಿ ರೇಖಾಂಶ ಮೊದಲು, ಎಷ್ಟೋ ಮ್ಯಾಪ್ ಲೈಬ್ರರಿಗಳಲ್ಲಿ ಅಕ್ಷಾಂಶ ಮೊದಲು. ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಪ್ರತಿ ಸಲವೂ ಒಂದು ಊರನ್ನು ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ.

ಮ್ಯಾಟ್ರಿಕ್ಸ್ ಬೇಕಾ ಎಂದು ಕೆಲವರು ಕೇಳುತ್ತಾರೆ. 20 ನೋಡ್‌ಗೆ 20 ಸಾಲು, 20 ಕಾಲಂ, ಒಟ್ಟು 400 ಮನೆ. ಅದರಲ್ಲಿ ತುಂಬುವುದು 48 ಮಾತ್ರ, ಪ್ರತಿ ಎಡ್ಜ್ ಎರಡು ಸಲ. ಉಳಿದದ್ದೆಲ್ಲ ಸೊನ್ನೆ. ರಸ್ತೆ, ರೈಲು, ಗೆಳೆತನದಂಥ ವಿರಳ ಜಾಲಗಳಿಗೆ ಎಡ್ಜ್ ಪಟ್ಟಿಯೇ ಸಾಕು. ಹೆಚ್ಚುಕಡಿಮೆ ಎಲ್ಲವೂ ಎಲ್ಲದಕ್ಕೂ ಸೇರಿರುವ ಡೇಟಾಕ್ಕೆ ಮಾತ್ರ ಮ್ಯಾಟ್ರಿಕ್ಸ್ ಒಳ್ಳೆಯದು. ಅಲ್ಲಿ ಗೆರೆ ಎಳೆದರೆ ಕಪ್ಪು ಮುದ್ದೆಯಾಗುತ್ತದೆ, ಬಣ್ಣ ತುಂಬಿದ ಚೌಕಗಳಲ್ಲಿ ಅದೇ ಮಾಹಿತಿ ಸಲೀಸಾಗಿ ಓದಬಹುದು.

ಕಿಲೋಮೀಟರ್ ಇಲ್ಲದೆ ಏನಾಗುತ್ತದೆ

ಈಗ ಪೈಥಾನ್‌ನ ಗ್ರಾಫ್ ಲೈಬ್ರರಿಯಾದ ನೆಟ್‌ವರ್ಕ್‌ಎಕ್ಸ್‌ಗೆ ಎರಡೂ ಪಟ್ಟಿ ಕೊಡಿ. ಮೈಸೂರಿನಿಂದ ಹುಬ್ಬಳ್ಳಿಗೆ ಅತಿ ಹತ್ತಿರದ ದಾರಿ ಕೇಳಿ. ತೂಕದ ಕಾಲಂ ಯಾವುದು ಎಂದು ಹೇಳದಿದ್ದರೆ ಅದು ಎಡ್ಜ್‌ಗಳನ್ನು ಮಾತ್ರ ಎಣಿಸುತ್ತದೆ. ಬರುವ ಉತ್ತರ: ಮೈಸೂರು, ಹಾಸನ, ಮಂಗಳೂರು, ಮಡಗಾಂವ್, ಲೋಂಡಾ, ಹುಬ್ಬಳ್ಳಿ. ಐದು ಎಡ್ಜ್. ಸಕಲೇಶಪುರದ ಘಾಟಿ ಇಳಿದು, ಇಡೀ ಕರಾವಳಿ ಹಾದು, ಮತ್ತೆ ಕ್ಯಾಸಲ್‌ರಾಕ್‌ನ ಘಾಟಿ ಹತ್ತಿಸುತ್ತದೆ! ಎಲ್ಲರೂ ಹೋಗುವ ದಾರಿ ಅರಸೀಕೆರೆ, ಕಡೂರು, ಬೀರೂರು, ಚಿಕ್ಕಜಾಜೂರಿನದ್ದು. ಅದರಲ್ಲಿ ಏಳು ಎಡ್ಜ್ ಇದೆ, ಹಾಗಾಗಿ ಕಂಪ್ಯೂಟರಿಗೆ ಅದು ದೂರ. ಕಿಲೋಮೀಟರ್ ಕಾಲಂ ಅನ್ನು ತೂಕ ಎಂದು ಹೇಳಿದ ಕೂಡಲೇ ಉತ್ತರ ಸರಿಹೋಗುತ್ತದೆ, ಯಾಕೆಂದರೆ ಕರಾವಳಿ ದಾರಿ ನೂರಾರು ಕಿಲೋಮೀಟರ್ ಜಾಸ್ತಿ. ಯಾವ ನೋಡ್ ಮುಖ್ಯ ಎಂದು ಹೇಳುವ ಬಿಟ್‌ವೀನ್‌ನೆಸ್ ಲೆಕ್ಕಕ್ಕೂ ಇದೇ ಮಾತು. ತೂಕ ಕೊಡದೆ ಬಂದ ಪಟ್ಟಿಯನ್ನು ಯಾರಿಗೂ ಕಳಿಸಬೇಡಿ.

ಇಲ್ಲಿಂದ ಮುಂದಿನದ್ದು ಇಡೀ ಬರಹದಲ್ಲೇ ನನಗೆ ಅತಿ ಮುಖ್ಯ ಅನಿಸುವ ವಿಷಯ. 'ವೇಟ್' ಎನ್ನುವ ಕಾಲಂ ಪ್ರತಿ ಸಾಫ್ಟ್‌ವೇರಿನಲ್ಲೂ ಒಂದೇ ಕೆಲಸ ಮಾಡುವುದಿಲ್ಲ. ದಾರಿ ಹುಡುಕುವಾಗ ವೇಟ್ ಅಂದರೆ ಖರ್ಚು, ಜಾಸ್ತಿ ಇದ್ದಷ್ಟೂ ದೂರ. ಚಿತ್ರ ಬಿಡಿಸುವಾಗ ವೇಟ್ ಅಂದರೆ ಸೆಳೆತ, ಜಾಸ್ತಿ ಇದ್ದಷ್ಟೂ ಹತ್ತಿರ. ಚುಕ್ಕೆಗಳನ್ನು ಸೆಳೆತದ ಲೆಕ್ಕದಿಂದ ತಾನೇ ಜೋಡಿಸುವ ಗೆಫಿಯ ಫೋರ್ಸ್‌ಅಟ್ಲಾಸ್2 ಹೀಗೆ, ನೆಟ್‌ವರ್ಕ್‌ಎಕ್ಸ್‌ನ ಸ್ಪ್ರಿಂಗ್ ಲೇಔಟ್ ಕೂಡ ಹೀಗೆ. ಕಿಲೋಮೀಟರನ್ನೇ ವೇಟ್ ಎಂದು ಕೊಟ್ಟರೆ ಹಾಸನ ಮತ್ತು ಮಂಗಳೂರು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹತ್ತು ಕಿಲೋಮೀಟರೂ ಅಂತರ ಇಲ್ಲದ ಕಡೂರು, ಬೀರೂರು ಸಡಿಲವಾಗಿ ದೂರ ಸರಿಯುತ್ತವೆ. ನೋಡಿದವರು ತಿರುಗುಮುರುಗಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಅಲ್ವಾ? ಗ್ರಾಫ್‌ವಿಜ್‌ನಲ್ಲಿ ಮಾತ್ರ ಎರಡಕ್ಕೂ ಬೇರೆ ಹೆಸರಿದೆ: ಅದರ ನಿಯಾಟೋ ಎಂಬ ಚಿತ್ರ ಜೋಡಿಸುವ ಎಂಜಿನ್‌ನಲ್ಲಿ 'ಲೆನ್' ಎಂದರೆ ಬೇಕಾದ ಉದ್ದ, 'ವೇಟ್' ಎಂದರೆ ಬಿಗಿ.

ಹಾಗಾಗಿ ನಿಮ್ಮ ಮೂಲ ಪಟ್ಟಿಯಲ್ಲಿ ವೇಟ್ ಎನ್ನುವ ಕಾಲಂ ಇಡಲೇಬೇಡಿ. 'ಕಿ.ಮೀ.' ಎಂದು ಬರೆಯಿರಿ. ಚಿತ್ರಕ್ಕೆ ಕಳಿಸುವಾಗ ಮಾತ್ರ, ಒಂದನ್ನು ಕಿಲೋಮೀಟರಿನಿಂದ ಭಾಗಿಸಿ 'ಸೆಳೆತ' ಎಂಬ ಹೊಸ ಕಾಲಂ ಮಾಡಿ ಅದನ್ನು ವೇಟ್ ಆಗಿ ಕೊಡಿ.

ಯಾವ ಸಾಫ್ಟ್‌ವೇರಿಗೆ ಏನು ಕಳಿಸಬೇಕು

ಗೆಫಿಗೆ ಸಿಎಸ್‌ವಿ ಸಾಕು. ನೋಡ್ ಪಟ್ಟಿಯ ಕಾಲಂಗಳಿಗೆ ಐಡಿ, ಲೇಬಲ್ ಎಂದು, ಎಡ್ಜ್ ಪಟ್ಟಿಗೆ ಸೋರ್ಸ್, ಟಾರ್ಗೆಟ್, ಟೈಪ್ ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಹೆಸರಿಡಿ. ಹಳಿಯಲ್ಲಿ ಎರಡೂ ಕಡೆ ಹೋಗಬಹುದಾದ್ದರಿಂದ ಟೈಪ್‌ನಲ್ಲಿ ಅನ್‌ಡೈರೆಕ್ಟೆಡ್ ಎಂದು ಹಾಕಿ. ಬಣ್ಣ, ಜಾಗ ಎಲ್ಲ ಸೇರಿಸಿ ಉಳಿಸಿಕೊಳ್ಳಬೇಕಾದರೆ ಜಿಇಎಕ್ಸ್‌ಎಫ್ ಫೈಲ್ ಬಳಸಿ.

ವೈಇಡಿ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿಗೆ ಮತ್ತು ಇನ್ನೂ ಹಲವಕ್ಕೆ ಗ್ರಾಫ್‌ಎಂಎಲ್ ಫೈಲ್ ಚೆನ್ನಾಗಿ ಹೊಂದುತ್ತದೆ. ಇದರಲ್ಲಿ ಪ್ರತಿ ಗುಣವೂ ಸಂಖ್ಯೆಯೋ ಪಠ್ಯವೋ ಎಂದು ಮೊದಲೇ ಘೋಷಿಸಿರಬೇಕು. ನೆಟ್‌ವರ್ಕ್‌ಎಕ್ಸ್‌ನಿಂದ ಬರೆಯುವಾಗ ಯಾವುದಾದರೂ ನೋಡ್‌ನ ಗುಣ ಖಾಲಿ ಇದ್ದರೆ, ಅಥವಾ ಅದರೊಳಗೆ ಒಂದು ಲಿಸ್ಟ್ ಇದ್ದರೆ, ಎರರ್ ಬಂದು ನಿಲ್ಲುತ್ತದೆ. ಖಾಲಿ ಜಾಗಕ್ಕೆ ಖಾಲಿ ಪಠ್ಯ ಹಾಕಿ, ಲಿಸ್ಟನ್ನು ಅಲ್ಪವಿರಾಮ ಹಾಕಿ ಒಂದೇ ಸಾಲು ಮಾಡಿ.

ವೆಬ್ ಪುಟಕ್ಕೆ ಜೇಸನ್ ಫೈಲ್. ಬ್ರೌಸರ್‌ನಲ್ಲಿ ಚಿತ್ರ ಬಿಡಿಸುವ ಡಿ3ಗೆ ನೋಡ್ಸ್ ಎಂಬ ಒಂದು ಸಾಲು, ಲಿಂಕ್ಸ್ ಎಂಬ ಇನ್ನೊಂದು ಸಾಲು ಕೊಟ್ಟರಾಯಿತು. ಆದರೆ ಡಿ3ಯ ಫೋರ್ಸ್‌ಲಿಂಕ್ ತಾನಾಗಿ ಕೋಡ್ ನೋಡುವುದಿಲ್ಲ, ನೋಡ್ ಎಷ್ಟನೆಯದು ಎಂಬ ಕ್ರಮಸಂಖ್ಯೆ ನೋಡುತ್ತದೆ. ಐಡಿಯಿಂದ ಹುಡುಕು ಎಂದು ನೀವೇ ಹೇಳಬೇಕು. ಇನ್ನೊಂದು ಮಾತು, ಸಿಮ್ಯುಲೇಷನ್ ಶುರುವಾದ ಮೇಲೆ ಅದು ಸೋರ್ಸ್, ಟಾರ್ಗೆಟ್ ಜಾಗದಲ್ಲಿದ್ದ ಕೋಡ್ ತೆಗೆದು ಇಡೀ ನೋಡನ್ನೇ ಕೂರಿಸುತ್ತದೆ. ಆ ಡೇಟಾವನ್ನೇ ಮತ್ತೆ ಉಳಿಸಿದರೆ ಫೈಲ್ ಕೆಡುತ್ತದೆ. ಡಿ3ಗೆ ಯಾವಾಗಲೂ ಒಂದು ನಕಲು ಕೊಡಿ. ಸೈಟೋಸ್ಕೇಪ್ ಡಾಟ್ ಜೆಎಸ್ ಬಳಸುವುದಾದರೆ ಪ್ರತಿ ನೋಡ್, ಪ್ರತಿ ಎಡ್ಜ್‌ನ ಮಾಹಿತಿಯೂ 'ಡೇಟಾ' ಎಂಬ ಒಳಪೆಟ್ಟಿಗೆಯಲ್ಲಿ ಇರಬೇಕು.

ನಿಯೋ4ಜೆ ಚಿತ್ರಕ್ಕಿಂತ ಜಾಸ್ತಿಯಾಗಿ ಡೇಟಾಬೇಸ್. ಡೇಟಾ ದಿನಾ ಬದಲಾಗುತ್ತಿದ್ದರೆ, ಹತ್ತಾರು ಜನ ಪ್ರಶ್ನೆ ಕೇಳುತ್ತಿದ್ದರೆ ಮಾತ್ರ ಅತ್ತ ಹೋಗಿ. 24 ಎಡ್ಜ್‌ಗೆ ಅದು ಬೇಕಾಗಿಲ್ಲ. ಹೋದರೆ, ಸಾಲುಗಳನ್ನು ಕ್ರಿಯೇಟ್ ಎಂದು ಸೇರಿಸದೆ, ಆಗಲೇ ಇದ್ದರೆ ಅದನ್ನೇ ಹಿಡಿದು ಇಲ್ಲದಿದ್ದರೆ ಮಾತ್ರ ಹೊಸದು ಮಾಡುವ ಮರ್ಜ್ ಬಳಸಿ, ಅದೂ ಕೋಡ್ ಒಂದರ ಮೇಲೆ ಮಾತ್ರ. ಹೆಸರನ್ನು ಆಮೇಲೆ ಸೆಟ್ ಎಂದು ಬೇರೆಯಾಗಿ ಹಾಕಿ. ಮರ್ಜ್‌ನೊಳಗೆ ಹೆಸರನ್ನೂ ಸೇರಿಸಿದರೆ ಕಾಗುಣಿತ ಸ್ವಲ್ಪ ಬೇರೆಯಾದರೂ ಹೊಸ ನೋಡ್ ಹುಟ್ಟುತ್ತದೆ. ಅಲ್ಲಿ ಪ್ರತಿ ಸಂಬಂಧಕ್ಕೂ ಒಂದು ದಿಕ್ಕು ಇರಲೇಬೇಕು. ಪ್ರಶ್ನೆ ಬರೆಯುವಾಗ ಬಾಣದ ತುದಿ ಬಿಟ್ಟರೆ ಎರಡೂ ದಿಕ್ಕು ನೋಡುತ್ತದೆ, ಹಾಗಾಗಿ ಒಂದು ಹಳಿಗೆ ಎರಡು ಸಂಬಂಧ ಹಾಕುವ ಅಗತ್ಯ ಇಲ್ಲ.

ಗ್ರಾಫ್‌ವಿಜ್ ನನ್ನ ಅಚ್ಚುಮೆಚ್ಚು. ಒಂದು ಪಠ್ಯ ಫೈಲ್‌ನಲ್ಲಿ ಎರಡು ಕೋಡ್‌ಗಳ ನಡುವೆ -- ಹಾಕಿದರೆ ದಿಕ್ಕಿಲ್ಲದ ಗೆರೆ, -> ಹಾಕಿದರೆ ಬಾಣ. ಇದರ ಜೊತೆ ಬರುವ ಡಾಟ್ ಎಂಬ ಎಂಜಿನ್ ಎಲ್ಲವನ್ನೂ ಮೇಲಿನಿಂದ ಕೆಳಗೆ ಅಂತಸ್ತುಗಳಲ್ಲಿ ಜೋಡಿಸುತ್ತದೆ. ವಂಶವೃಕ್ಷಕ್ಕೆ, ಕೆಲಸದ ಹಂತಗಳಿಗೆ ಅದು ಸರಿ. ರೈಲು ಜಾಲಕ್ಕೆ ಮೇಲು ಕೆಳಗು ಎಂಬುದಿಲ್ಲ, ಅಲ್ಲಿ ಡಾಟ್ ಬಳಸಿದರೆ ಬೆಂಗಳೂರು ಯಜಮಾನನಂತೆ ಮೇಲೆ ಕೂರುತ್ತದೆ. ನಿಯಾಟೋ ಬಳಸಿ. ಊರುಗಳು ಭೂಪಟದ ಜಾಗದಲ್ಲೇ ನಿಲ್ಲಬೇಕಾದರೆ 'ಪಾಸ್' ಗುಣದಲ್ಲಿ ರೇಖಾಂಶ, ಅಕ್ಷಾಂಶ ಬರೆದು ಕೊನೆಗೆ ! ಹಾಕಿ. ಆಗ ಅದು ಅಲುಗುವುದಿಲ್ಲ. ಡಿಗ್ರಿಯ ಅಂಕಿಗಳು ಚಿಕ್ಕವು, ಹಾಗಾಗಿ ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿ ದೊಡ್ಡದು ಮಾಡಿಕೊಳ್ಳಿ. ಸಾವಿರಾರು ನೋಡ್ ಇದ್ದರೆ ಎಸ್‌ಎಫ್‌ಡಿಪಿ ಎಂಬ ಇನ್ನೊಂದು ಎಂಜಿನ್ ಬಳಸಿ.

ಚಿತ್ರದ ಮೇಲೆ ಕನ್ನಡ

ಗ್ರಾಫ್‌ವಿಜ್‌ನಲ್ಲಿ ಫಾಂಟ್ ಹೆಸರನ್ನು ನೋಟೋ ಸಾನ್ಸ್ ಕನ್ನಡ ಎಂದು ಕೊಡಿ. ನೋಡ್‌ಗೆ ಬೇರೆ, ಎಡ್ಜ್‌ಗೆ ಬೇರೆ, ಎರಡಕ್ಕೂ ಕೊಡಬೇಕು. ಎಸ್‌ವಿಜಿ ಆಗಿ ತೆಗೆದರೆ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ನೋಡುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ 'ಚಿಕ್ಕಜಾಜೂರು' ಪೆಟ್ಟಿಗೆಯಿಂದ ಆಚೆ ಚಾಚುತ್ತದೆ. ಅಚ್ಚಿಗೆ ಹೋಗುವುದಾದರೆ ಪಿಡಿಎಫ್ ತೆಗೆಯಿರಿ, ಫಾಂಟ್ ಒಳಗೇ ಸೇರುತ್ತದೆ. ನಾನು ಬಳಸಿದ ಮ್ಯಾಟ್‌ಪ್ಲಾಟ್‌ಲಿಬ್ ಆವೃತ್ತಿಗಳಲ್ಲಿ ಒತ್ತಕ್ಷರ ಕೂಡುವುದಿಲ್ಲ, 'ಬಳ್ಳಾರಿ'ಯ ಒತ್ತು ಬಿಡಿಯಾಗಿ ನಿಲ್ಲುತ್ತದೆ. ಕನ್ನಡ ಲೇಬಲ್ ಬೇಕಿದ್ದರೆ ಲೆಕ್ಕ ನೆಟ್‌ವರ್ಕ್‌ಎಕ್ಸ್‌ನಲ್ಲಿ ಮಾಡಿ, ಚಿತ್ರ ಗ್ರಾಫ್‌ವಿಜ್‌ನಲ್ಲೋ ಬ್ರೌಸರ್‌ನಲ್ಲೋ ಬಿಡಿಸಿ. ಒತ್ತು ಕೆಳಗಿಳಿಯುವುದರಿಂದ ಕನ್ನಡಕ್ಕೆ ಎತ್ತರ ಜಾಸ್ತಿ ಬೇಕು. ಇಂಗ್ಲಿಷ್ ಲೇಬಲ್‌ಗಿಂತ ಎರಡು ಪಾಯಿಂಟ್ ದೊಡ್ಡದಿಡಿ. ನಮ್ಮ ಊರುಗಳ ಹೆಸರು ನಮ್ಮ ಅಕ್ಷರದಲ್ಲಿ ಸರಿಯಾಗಿ ಮೂಡಬೇಕು, ಇದಕ್ಕೆ ಅರ್ಧ ಗಂಟೆ ಹೋದರೂ ಪರವಾಗಿಲ್ಲ.

ಭೂಪಟದ ಜಾಗವೇ ಯಾವಾಗಲೂ ಒಳ್ಳೆಯದು ಎಂದೇನೂ ಇಲ್ಲ. 1933ರಲ್ಲಿ ಹ್ಯಾರಿ ಬೆಕ್ ಅವರ ಲಂಡನ್ ಟ್ಯೂಬ್ ನಕ್ಷೆ ಅಚ್ಚಾಯಿತು. ಅದರಲ್ಲಿ ನಿಜವಾದ ದೂರ ಬಿಟ್ಟು ನೇರ, ಅಡ್ಡ, ಓರೆ ಗೆರೆಗಳಷ್ಟೇ ಇದ್ದವು. ಪ್ರಯಾಣಿಕರಿಗೆ ಬೇಕಿದ್ದದ್ದು ಎಲ್ಲಿ ಇಳಿದು ಬದಲಿಸಬೇಕು ಎನ್ನುವುದು ಮಾತ್ರ. ಕಡೂರು–ಬೀರೂರನ್ನು ಭೂಪಟದ ಅಳತೆಯಲ್ಲಿ ಇಟ್ಟರೆ ಎರಡರ ಹೆಸರೂ ಒಂದರ ಮೇಲೊಂದು ಬೀಳುತ್ತವೆ. ಕವಲು ತೋರಿಸಬೇಕಾದರೆ ಬಿಡಿಸಿ ದೂರ ಇಡಿ. ಸೆಳೆತದಿಂದ ಚುಕ್ಕೆ ಜೋಡಿಸುವ ಫೋರ್ಸ್ ಲೇಔಟ್‌ನಲ್ಲಿ ಎಡ, ಬಲ, ಮೇಲೆ, ಕೆಳಗೆ ಯಾವುದಕ್ಕೂ ಅರ್ಥ ಇಲ್ಲ, ಮತ್ತೆ ಓಡಿಸಿದರೆ ಚಿತ್ರವೇ ತಿರುಗಿರುತ್ತದೆ. ನೆಟ್‌ವರ್ಕ್‌ಎಕ್ಸ್‌ನಲ್ಲಿ 'ಸೀಡ್' ಸಂಖ್ಯೆ ಕೊಟ್ಟರೆ ಪ್ರತಿ ಸಲ ಅದೇ ಚಿತ್ರ ಬರುತ್ತದೆ.

ಚುಕ್ಕೆಯ ಗಾತ್ರಕ್ಕೂ ಕಾರಣ ಇರಲಿ. ಎಷ್ಟು ಎಡ್ಜ್ ಸೇರುತ್ತವೆ ಎಂಬುದರ ಮೇಲೆ ಗಾತ್ರ ಕೊಟ್ಟರೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಹಾಸನ, ನಾಲ್ಕು. ಹುಬ್ಬಳ್ಳಿಗೆ ಮೂರೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವುದು ಹುಬ್ಬಳ್ಳಿಯಲ್ಲಿ, ಆದರೂ ಮೂರೇ. ಹಾಗಾಗಿ ಚಿತ್ರದ ಕೆಳಗೆ ಗಾತ್ರ ಯಾವುದರ ಲೆಕ್ಕ ಎಂದು ಒಂದು ಸಾಲು ಬರೆಯದೆ ಬಿಡಬೇಡಿ.

ಗಡಿ ಎಲ್ಲಿ ಕತ್ತರಿಸಿದಿರಿ

ಒಂದು ಪರೀಕ್ಷೆ ಮಾಡಿ ನೋಡಿ. ಅರಸೀಕೆರೆಯನ್ನು ಗ್ರಾಫ್‌ನಿಂದ ತೆಗೆಯಿರಿ. ಜಾಲ ತುಂಡಾಗುವುದಿಲ್ಲ, ಕರಾವಳಿಯ ದಾರಿ ಹಿಡಿದು ನಿಲ್ಲುತ್ತದೆ. ಈಗ ತೆರೆದ ವರ್ಷದ ಕಾಲಂ ಬಳಸಿ, 1998ರಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆಯ ಮಂಗಳೂರು–ಮಡಗಾಂವ್ ಎಡ್ಜನ್ನೂ ತೆಗೆಯಿರಿ. ಈಗ ಎರಡು ತುಂಡು. ಒಂದರಲ್ಲಿ ಬೆಂಗಳೂರು, ಮೈಸೂರು, ಹಾಸನ, ಮಂಗಳೂರು. ಉಳಿದ 15 ಇನ್ನೊಂದರಲ್ಲಿ.

ಇದನ್ನು ನೋಡಿ ವರದಿ ಬರೆಯುವ ಮುಂಚೆ ನಿಲ್ಲಿ. ಬಳ್ಳಾರಿಯಿಂದ ಗುಂತಕಲ್, ಧರ್ಮಾವರಂ ಮೇಲೆ ಬೆಂಗಳೂರಿಗೆ ಹಳಿ ಇದೆ. ಅದು ಆಂಧ್ರದಲ್ಲಿದೆ ಎಂದು ನಾನು ಪಟ್ಟಿಗೆ ಸೇರಿಸಿರಲಿಲ್ಲ. ಬೆಳಗಾವಿ ಈ ಚಿತ್ರದಲ್ಲಿ ಲೋಂಡಾಕ್ಕೆ ನೇತುಬಿದ್ದ ಒಂಟಿ ಚುಕ್ಕೆ, ವಿಜಯಪುರ ಗದಗಕ್ಕೆ ನೇತುಬಿದ್ದದ್ದು. ನಿಜದಲ್ಲಿ ಬೆಳಗಾವಿಯ ಹಳಿ ಮೀರಜ್‌ಗೆ ಹೋಗುತ್ತದೆ, ವಿಜಯಪುರದ್ದು ಹೋಟಗಿಗೆ, ಎರಡೂ ಮಹಾರಾಷ್ಟ್ರದೊಳಗೆ ಕೂಡುತ್ತವೆ. ರಾಜ್ಯದ ಗಡಿ ಹಳಿಗೆ ಗೊತ್ತಿಲ್ಲ. ಗಡಿಯಾಚೆಗೆ ಹೋಗುವ ಪ್ರತಿ ಎಡ್ಜ್‌ಗೂ ಒಂದು 'ಹೊರಗೆ' ನೋಡ್ ಹಾಕಿ, ಬೂದು ಬಣ್ಣದಲ್ಲಿ ತೋರಿಸಿ. ನಿಮ್ಮ ಕಂಪನಿಯ ಸರ್ವರ್ ಚಿತ್ರಕ್ಕೂ, ಊರಿನ ವಂಶವೃಕ್ಷಕ್ಕೂ ಇದೇ ಅನ್ವಯ. ಒಂಟಿಯಾಗಿ ಕಾಣುವ ಚುಕ್ಕೆ ನಿಜಕ್ಕೂ ಒಂಟಿಯೋ, ಅಥವಾ ನೀವು ಅಲ್ಲಿ ಕತ್ತರಿ ಹಾಕಿದಿರೋ ಎಂದು ನೋಡುವವರಿಗೆ ತಿಳಿಯಬೇಕು.

ಹೊಸ ಸಾಲು ಬಂದಾಗ

ಚಿತ್ರವನ್ನು ಕೈಯಲ್ಲಿ ತಿದ್ದಬೇಡಿ. ಎರಡು ಸಿಎಸ್‌ವಿ ಮತ್ತು ಅವನ್ನು ಓದಿ ಎಲ್ಲ ಫೈಲ್‌ಗಳನ್ನೂ ತಯಾರಿಸುವ ಒಂದು ಪೈಥಾನ್ ಸ್ಕ್ರಿಪ್ಟ್, ಈ ಮೂರನ್ನು ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿ ಇಡಿ. ಸ್ಕ್ರಿಪ್ಟ್‌ನ ಕೊನೆಗೆ ಮೂರು ತಪಾಸಣೆ ಇರಲಿ: ಎಡ್ಜ್ ಪಟ್ಟಿಯ ಪ್ರತಿ ಕೋಡ್ ನೋಡ್ ಪಟ್ಟಿಯಲ್ಲಿದೆಯೇ, ಒಂದೇ ಎಡ್ಜ್ ತಿರುಗಿಸಿ ಎರಡು ಸಲ ಬಂದಿದೆಯೇ, ಇಡೀ ಜಾಲ ಒಂದೇ ತುಂಡಾಗಿದೆಯೇ.

ಈಗ ಆರ್ಟಿಕ್ಯುಲೇಷನ್ ಪಾಯಿಂಟ್ಸ್ ಫಂಕ್ಷನ್ ಓಡಿಸಿದರೆ ಕಡೂರು, ಬೀರೂರು, ಶಿವಮೊಗ್ಗ, ಗದಗ, ಲೋಂಡಾ ಎಂದು ಐದು ಹೆಸರು ಬರುತ್ತವೆ. ಇವುಗಳಲ್ಲಿ ಯಾವ ಒಂದನ್ನು ತೆಗೆದರೂ ಆಚೆಗಿನ ಊರು ಕಳಚಿಕೊಳ್ಳುತ್ತದೆ. ಕಡೂರು ಈ ಪಟ್ಟಿಯಲ್ಲಿರುವುದು 2013ರಲ್ಲಿ ತೆರೆದ ಚಿಕ್ಕಮಗಳೂರು ಮಾರ್ಗ ಅಲ್ಲಿಂದ ಹೊರಟು ಚಿಕ್ಕಮಗಳೂರಿನಲ್ಲೇ ಮುಗಿಯುವುದರಿಂದ. ಬೇಲೂರಿನ ಮೂಲಕ ಚಿಕ್ಕಮಗಳೂರು–ಹಾಸನ ಹಳಿ ಸೇರಿದ ದಿನ ಎಡ್ಜ್ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿ, ಸ್ಕ್ರಿಪ್ಟ್ ಓಡಿಸಿ. ಎಡ್ಜ್ 25 ಆಗುತ್ತದೆ, ಹಾಸನದ ಚುಕ್ಕೆ ಐದಕ್ಕೆ ಏರುತ್ತದೆ, ಕಡೂರು ಪಟ್ಟಿಯಿಂದ ಹೊರಗೆ ಹೋಗುತ್ತದೆ.